ವಾರ್ಡನ್ ಪ್ರೇಮಲೀಲಾ ಮತ್ತು ಮಹಡಿಯ ಮೇಲಿನ ಕುಣಿತ

ಮೈಸೂರಿನ ಗೋಕುಲಂ ಮೂರನೇ ಹಂತದಲ್ಲಿ ಬೆಳಗಿನ ವಾಕಿಂಗ್ ಮಾಡುವ ನಮ್ಮ ಗುಂಪಿಗೆ ಒಂದು ಹೆಮ್ಮೆಯಿತ್ತು. ಯಾವ ಮನೆಯವರ ಸ್ವಭಾವ ಎಂಥದ್ದು ಎಂಬುದನ್ನು ನಾವು ಕಾಂಪೌಂಡಿನ ಹೊರಗಿನಿಂದಲೇ, ನಡಿಗೆಯ ವೇಗ ಒಂದಿಷ್ಟೂ ತಗ್ಗಿಸದೆ, ತೀರ್ಮಾನಿಸಿಬಿಡುತ್ತಿದ್ದೆವು. ಆ ತೀರ್ಮಾನದ ಪ್ರಕಾರ ಪ್ರೇಮಲೀಲಾ ಅವರು ರಸ್ತೆಯಲ್ಲೇ ಅತ್ಯಂತ ಘಾಟಿ ಹೆಂಗಸು. ಅವರ ಅಡುಗೆಮನೆಯ ಕಿಟಕಿ ರಸ್ತೆಯ ಕಡೆಗಿದೆ. ನಾವು ಹಾದುಹೋಗುವ ಹೊತ್ತಿಗೆ ಸರಿಯಾಗಿ ಅವರು ಜೇಡರಬಲೆ ತೆಗೆಯುವ ಉದ್ದನೆಯ ಕೋಲನ್ನು ತಲೆಕೆಳಗಾಗಿ ಹಿಡಿದು, ಅದರ ಬುಡದಿಂದ ತಾರಸಿಯನ್ನು ಕುಟ್ಟುತ್ತಿದ್ದರು. ಮೇಲಿನ ಮನೆಯನ್ನು ಅವರು ಯೋಗ ಕಲಿಯಲು ಬರುವ ವಿದೇಶಿಯರಿಗೆ ಬಾಡಿಗೆಗೆ ಕೊಡುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು. ದೇಶ ಬಿಟ್ಟು ದೇಶಕ್ಕೆ ಬಂದ ಪಾಪದವರನ್ನು ಸೂರ್ಯ ಹುಟ್ಟುವ ಮೊದಲೇ ಹೀಗೆ ಗೋಳು ಹೊಯ್ದುಕೊಳ್ಳುವುದೇ? ನಾವು ನಿಟ್ಟುಸಿರು ಬಿಟ್ಟು, ಅತಿಥಿಸತ್ಕಾರದ ಪರಂಪರೆಯ ಬಗ್ಗೆ ನಾಲ್ಕು ಮಾತಾಡಿಕೊಂಡು, ಪಾರ್ಕಿನ ಕಡೆ ತಿರುಗುತ್ತಿದ್ದೆವು.

ಆ ದಿನಗಳಲ್ಲಿ ಮೇಲಿನ ಮನೆಗೆ ಬೀಗ ಹಾಕಿತ್ತು. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಇದು ನಮಗೆ ತಿಳಿದದ್ದು ಬಹಳ ತಡವಾಗಿ.

ಪ್ರೇಮಲೀಲಾ ಒಂದು ಮಠದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಜೀವಮಾನವಿಡೀ ವಾರ್ಡನ್ ಆಗಿದ್ದವರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಪುರುಸೊತ್ತಾಗ್ಲಿಲ್ಲ ಕಣ್ರೀ" ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ. ಅವರ ಕೋಣೆ ಕೆಳಗೆ, ಹುಡುಗಿಯರ ಕೋಣೆಗಳೆಲ್ಲ ಮೇಲೆ. ಹುಡುಗಿಯರು ಬಕೆಟ್ ಎಳೆದರೂ, ಮಂಚದಿಂದ ಮಂಚಕ್ಕೆ ಹಾರಿದರೂ, ಪರೀಕ್ಷೆಯ ಹಿಂದಿನ ದಿನ ಹೆದರಿ ಶತಪಥ ಹಾಕಿದರೂ ಎಲ್ಲವೂ ಅವರ ತಲೆಯ ಮೇಲೆಯೇ. ಅದಕ್ಕೆ ಅವರ ಉತ್ತರ ಕೋಲು. ಒಂದು ಸಲ ಕುಟ್ಟಿದರೆ "ಸಾಕು ಮಾಡಿ" ಎಂದರ್ಥ. ಎರಡು ಸಲ ಕುಟ್ಟಿದರೆ "ತಿಂಡಿಗೆ ಇಳೀರಿ". ಮೂರು ಸಲ ಕುಟ್ಟಿದರೆ "ನಾನೇ ಹತ್ತಿ ಬರ್ತೀನಿ". ಮೂರನೆಯ ಏಟಿಗೆ ಇಡೀ ಹಾಸ್ಟೆಲ್ ಕಣ್ಣು ಮುಚ್ಚಿ ಗೊರಕೆ ಹೊಡೆಯುವ ನಟನೆಗೆ ಬೀಳುತ್ತಿತ್ತು.

"ರಿಟೈರಾದ ಮೇಲೆ ನಂಗೆ ಏನೂ ಬೇಡ. ತಲೆ ಮೇಲೆ ಯಾರೂ ಓಡಾಡ್ದೆ ಇದ್ರೆ ಸಾಕು" ಎಂದು ಅವರು ಕಂಡಕಂಡವರ ಹತ್ತಿರ ಹೇಳಿಕೊಂಡಿದ್ದರು. ಅದೇ ಸಿಕ್ಕಿತು. ತಂದೆ ಕೊಂಡಿಟ್ಟಿದ್ದ ಸೈಟಿನಲ್ಲಿ ಮನೆಯಾಯಿತು. ಮೊದಲ ವಾರ ಆ ನಿಶ್ಶಬ್ದವನ್ನು ಅವರು ಹಬ್ಬದೂಟದ ಹಾಗೆ ಸವಿದರು. ಬೆಳಗಿನ ಲಿಂಗಪೂಜೆಯ ನಡುವೆ ಯಾರೂ ಬಂದು "ಮೇಡಂ, ನಲ್ಲೀಲಿ ನೀರು ಬರ್ತಿಲ್ಲ" ಎನ್ನಲಿಲ್ಲ. ಎರಡನೆಯ ವಾರದ ಹೊತ್ತಿಗೆ ಫ್ರಿಜ್ಜಿನ ಮೋಟರು ಗುರ್ ಎಂದರೆ "ಯಾರದು?" ಎಂದು ಕೇಳುವ ಹಾಗಾಯಿತು. ಪೂಜೆಗೆ ಕೂತವರು ಅಂಗೈಯ ಲಿಂಗದಿಂದ ಕಣ್ಣೆತ್ತಿ ತಾರಸಿ ನೋಡುವರು. ತಾರಸಿ ಸುಮ್ಮನಿರುವುದು.

ಆದ್ದರಿಂದ ಮೇಲೊಂದು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟರು. ಬಂದವರು ಬಹಳ ಸಭ್ಯರು. ಬರಿಗಾಲಲ್ಲಿ ಬೆಕ್ಕಿನ ಹಾಗೆ ನಡೆಯುವವರು, ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತುಬಿಡುವವರು. ಬಂದದ್ದೂ ಗೊತ್ತಾಗದು, ಹೋದದ್ದೂ ಗೊತ್ತಾಗದು. ಗೇಟಿನ ಬಳಿ ಕೈಮುಗಿದು "ನಮಸ್ತೇ" ಎಂದು ಸೂಟ್‌ಕೇಸ್ ಎಳೆದುಕೊಂಡು ಹೋಗುವಾಗಷ್ಟೇ ಚಕ್ರಗಳ ಸದ್ದು.

ಹಾಗಿರುವಾಗ ಒಂದು ಶ್ರಾವಣದಲ್ಲಿ ರೂತಾ ಬಂದಳು.

ಲಿಥುವೇನಿಯಾ ಎಂಬ ದೇಶದ ಹುಡುಗಿ. ಹುಡುಗಿ ಎಂದರೆ ಮೂವತ್ತರ ಆಸುಪಾಸು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಬಂದ ಮರುದಿನ ಬೆಳಗಿನ ಜಾವ ಪ್ರೇಮಲೀಲಾ ಅವರ ತಲೆಯ ಮೇಲೆ ತೆಂಗಿನಕಾಯಿ ಮೂಟೆ ಎತ್ತಿಹಾಕಿದ ಹಾಗೆ ಧಡ್ ಎಂದಿತು. ಸ್ವಲ್ಪ ಬಿಟ್ಟು ಇನ್ನೊಂದು ಧಡ್. ಅವಳು ಕಲಿಯುತ್ತಿದ್ದ ಯೋಗದಲ್ಲಿ ಎರಡು ಕೈ ಊರಿ ಕಾಲನ್ನು ಹಿಂದಕ್ಕೆ ಎಗರಿಸುವ ಪದ್ಧತಿಯಂತೆ. ಕಲಿತವರು ಹತ್ತಿಯ ಹಾಗೆ ಇಳಿಯುತ್ತಾರೆ, ರೂತಾ ಕಲಿತಿರಲಿಲ್ಲ. ಒಲೆಯ ಮೇಲಿದ್ದ ಉಪ್ಪಿಟ್ಟಿಗೆ ತಾರಸಿಯ ಸುಣ್ಣದ ಪುಡಿ ಉದುರಿತು. ಪ್ರೇಮಲೀಲಾ ಅವರ ಕೈ ತಾನಾಗಿ ಮೂಲೆಯ ಕೋಲಿಗೆ ಹೋಯಿತು. ಟಕ್!

ಮೇಲೆ ನಿಶ್ಶಬ್ದ. ಆಮೇಲೆ ಪಾಪದ ಹುಡುಗಿ ಅದೇ ಥರ ನೆಲ ಕುಟ್ಟಿ ಉತ್ತರ ಕೊಟ್ಟಳು. ಟಕ್!

ಇಷ್ಟು ವರ್ಷದ ಸರ್ವೀಸಿನಲ್ಲಿ ಅವರ ಕೋಲಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಪ್ರೇಮಲೀಲಾ ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ ಸುಣ್ಣ ಬಿದ್ದ ಉಪ್ಪಿಟ್ಟನ್ನು ಪಕ್ಕಕ್ಕಿಟ್ಟು, ಹೊಸದಾಗಿ ರವೆ ಹುರಿದು, ಎರಡು ಸಲ ಕುಟ್ಟಿದರು. ಅರ್ಥವಾಗಲಿಲ್ಲ. ಮೆಟ್ಟಿಲ ಕೆಳಗೆ ನಿಂತು "ತಿಂಡೀ!" ಎಂದು ಕೂಗಿದರು. ಅದು ಅರ್ಥವಾಯಿತು.

ಅಲ್ಲಿಂದ ರೂತಾಳ ಪಾಠ ಅಡುಗೆಮನೆಯಲ್ಲಿ ಶುರುವಾಯಿತು. ಕನ್ನಡ ಕಲಿಯುವುದಕ್ಕೆ ಅವಳಿಗೆ ಸಿಕ್ಕ ಗುರು ಒಬ್ಬ ವಾರ್ಡನ್ ಆದ್ದರಿಂದ ಅವಳಿಗೆ ಬಂದ ಕನ್ನಡವೂ ವಾರ್ಡನ್ ಕನ್ನಡವೇ. ಹೂ ಮಾರುವವಳಿಗೆ "ಎಲ್ಲಿಗೆ ಹೋಗಿದ್ದೆ ಇಷ್ಟು ಹೊತ್ತು?" ಎನ್ನುವಳು. ಗ್ಯಾಸ್ ಸಿಲಿಂಡರ್ ತಂದವನಿಗೆ "ಕಾಲೊರೆಸಿಕೊಂಡು ಬಾ" ಎನ್ನುವಳು. ಪ್ರೇಮಲೀಲಾ ಅವರ ತೀರಿಹೋದ ಅಕ್ಕನ ಗಂಡ, ಶಿವಲಿಂಗಯ್ಯನವರು ಮೊದಲ ಸಲ ಬಂದಾಗ ಬಾಗಿಲಲ್ಲೇ ತಡೆದು "ಚಪ್ಪಲಿ ಸಾಲಾಗಿ ಬಿಡಿ" ಎಂದಳು. ಶಿವಲಿಂಗಯ್ಯನವರು ವಿದ್ಯಾ ಇಲಾಖೆಯ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಹೆಂಡತಿಯ ಕಾಲದಿಂದಲೂ ಅವರ ಚಪ್ಪಲಿಗೆ ಯಾರೂ ದಾರಿ ತೋರಿಸಿರಲಿಲ್ಲ. ಆದರೂ ಬಿಳಿಯ ಹುಡುಗಿ ಕನ್ನಡದಲ್ಲಿ ಗದರಿದ ಸಂಭ್ರಮಕ್ಕೆ ಸಾಲಾಗಿಯೇ ಬಿಟ್ಟರು.

ಕಾರ್ತೀಕದ ಹೊತ್ತಿಗೆ ರೂತಾಳಿಗೆ ಯೋಗಕ್ಕಿಂತ ಸಂಸ್ಕೃತ ಹಿಡಿಸಿತು. ಮಂತ್ರವನ್ನು ಅರ್ಥ ತಿಳಿಯದೆ ಒದರುವುದು ಬೇಸರ ಎಂದಳು. ಎರಡು ಮೂರು ವರ್ಷ ಕೂತು ಸರಿಯಾಗಿ ಓದಬೇಕು, ಇಲ್ಲೇ ಮೈಸೂರಿನಲ್ಲಿ, ಇದೇ ಮೇಲಿನ ಮನೆಯಲ್ಲಿ. ಆದರೆ ಅವಳು ಬಂದಿದ್ದದ್ದು ಪ್ರವಾಸಿ ವೀಸಾದಲ್ಲಿ. ಅದು ಸಂಕ್ರಾಂತಿಯ ನಂತರ ಮುಗಿಯುತ್ತಿತ್ತು. ಓದುವುದಕ್ಕೆ ವಿದ್ಯಾರ್ಥಿ ವೀಸಾ ಬೇಕು.

ಪ್ರೇಮಲೀಲಾ ಇದನ್ನು ಭಾವನಿಗೆ ಹೇಳಿದರು. ಶಿವಲಿಂಗಯ್ಯನವರ ಮುಖ ಅರಳಿತು. ನಿವೃತ್ತಿಯಾದ ಮೇಲೆ ಅವರನ್ನು ಯಾರೂ ಏನೂ ಕೇಳಿರಲಿಲ್ಲ.

"ಇಷ್ಟೇನಾ? ಬುಡಮ್ಮ, ಇದೊಂದು ಕೆಲ್ಸಾನಾ? ಪಿಯುಸೀಲಿ ಸೈನ್ಸ್ ತಗೊಂಡೋರು ಕೆಮಿಸ್ಟ್ರಿ ಕಷ್ಟ ಅಂತ ಆರ್ಟ್ಸ್‌ಗೆ ಬರ್ತಿರ್ಲಿಲ್ವಾ? ವಿಷಯ ಬದಲಾವಣೆ. ಎಷ್ಟು ಸಾವ್ರ ಮಾಡಿದೀನಿ ನಾನು! ಇದೂ ಅದೇ. ಟೂರಿಸ್ಟಿಂದ ಸ್ಟೂಡೆಂಟು. ಮೊದ್ಲು ಒಂದು ಕಡೆ ಅಡ್ಮಿಷನ್ ತೋರಿಸ್ಬೇಕು, ಮೇಲೊಂದು ಶಿಫಾರಸು, ಕೊನೇಗೆ ಸಂಬಂಧಪಟ್ಟೋರ ಹತ್ರ ಒಂದು ಮಾತು. ಮುಗೀತು."

"ದೇಶದ ವಿಷಯ ಅಲ್ವಾ ಭಾವ? ಪಿಯುಸಿ ಥರ ಇರುತ್ತಾ?"

"ಎಲ್ಲಾ ಆಫೀಸೂ ಒಂದೇ ಕಣಮ್ಮ. ಟೇಬಲ್ ಮಾತ್ರ ಬೇರೆ ಬೇರೆ."

ಪ್ರೇಮಲೀಲಾ ನಂಬಿದರು. ಹಾಸ್ಟೆಲಿನ ಕಾಲದಲ್ಲಿ ಅವರು ಕಂಡ ಎಲ್ಲ ಕೆಲಸಗಳೂ ಹೀಗೇ ಆಗಿದ್ದವು: ಮಠದಿಂದ ಒಂದು ಮಾತು, ಆಫೀಸಿನಲ್ಲಿ ಒಂದು ನಮಸ್ಕಾರ. ನಂಬುವುದಕ್ಕೆ ಇನ್ನೊಂದು ಕಾರಣವೂ ಇತ್ತು. ನಂಬದಿದ್ದರೆ ಸಂಕ್ರಾಂತಿಯ ನಂತರ ಏನು ಎಂದು ಯೋಚಿಸಬೇಕಾಗುತ್ತಿತ್ತು.

ಮಠದ ಸಂಸ್ಕೃತ ಪಾಠಶಾಲೆಯವರು ವಾರ್ಡನ್ ಮೇಡಂ ಕೇಳಿದರೆಂದು ಪ್ರವೇಶಪತ್ರ ಕೊಟ್ಟರು. ಶಿವಲಿಂಗಯ್ಯನವರು ಒಳ್ಳೆಯ ದಿನ ನೋಡಿದರು. ಆ ಬೆಳಗ್ಗೆ ಅವರು ಬಂದದ್ದು ಕೋಟು ಹಾಕಿಕೊಂಡು, ಒಂದು ಕೈಯಲ್ಲಿ ಹಣ್ಣಿನ ಬುಟ್ಟಿ, ಇನ್ನೊಂದು ಕೈಯಲ್ಲಿ ಜರಿ ಶಾಲು. ಸಾಹೇಬರಿಗೆ ಕಚೇರಿಯಲ್ಲೇ ಒಂದು ಸಣ್ಣ ಸನ್ಮಾನ ಮಾಡಿದರೆ ಮಾತು ಮೃದುವಾಗುತ್ತದೆ ಎಂಬುದು ಅವರ ಅನುಭವ. ಪ್ರೇಮಲೀಲಾ ತಮ್ಮದೊಂದು ಇಳಕಲ್ ಸೀರೆಯನ್ನು ರೂತಾಳಿಗೆ ಉಡಿಸಿದರು. ಸೀರೆ ಮೊಣಕಾಲಿನಿಂದ ಸ್ವಲ್ಪ ಕೆಳಗಷ್ಟೇ ಬಂತು. ಹಣೆಗೆ ವಿಭೂತಿ ಹಚ್ಚಿದರು. ಆಟೋದಲ್ಲಿ ಮೂವರ ಮಧ್ಯೆ ಹಣ್ಣಿನ ಬುಟ್ಟಿ ರೂತಾಳ ತೊಡೆಯ ಮೇಲಿತ್ತು.

ವಿದೇಶಿಯರ ನೋಂದಣಿ ನೋಡಿಕೊಳ್ಳುವ ಆ ಕಚೇರಿಯಲ್ಲಿ ಸಾಹೇಬರು ಇರಲಿಲ್ಲ. ಮೇಜಿನ ಹಿಂದೆ ಒಬ್ಬ ತರುಣ ಅಧಿಕಾರಿಣಿ ಇದ್ದರು. ಶಿವಲಿಂಗಯ್ಯನವರು ತಮ್ಮ ಪೂರ್ವಾಶ್ರಮದ ಪರಿಚಯ ಮಾಡಿಕೊಂಡರು. ಅದು ಸ್ವಲ್ಪ ಉದ್ದವಾಗಿತ್ತು. ಅಧಿಕಾರಿಣಿ ತಾಳ್ಮೆಯಿಂದ ಕೇಳಿ, ಪಾಸ್‌ಪೋರ್ಟ್ ತಿರುವಿ, "ಸರ್, ಪ್ರವಾಸಿ ವೀಸಾನ ಇಲ್ಲೇ ಇದ್ಕೊಂಡು ವಿದ್ಯಾರ್ಥಿ ವೀಸಾ ಮಾಡಿಸ್ಕೊಳ್ಳಕ್ಕೆ ಬರಲ್ಲ. ಇವರು ಅವರ ದೇಶಕ್ಕೆ ಹೋಗ್ಬೇಕು. ಅಲ್ಲಿ ನಮ್ಮ ರಾಯಭಾರ ಕಚೇರೀಲಿ ಹೊಸದಾಗಿ ಅರ್ಜಿ ಹಾಕ್ಬೇಕು" ಎಂದರು.

"ಸಣ್ಣ ವಿಷಯ ಬದಲಾವಣೆ ಅಷ್ಟೇ ಮೇಡಂ..."

"ಬದಲಾವಣೆ ಇಲ್ಲ ಸರ್. ಬೇರೆ ವೀಸಾ. ಬೇರೆ ಅರ್ಜಿ."

"ಮಠದಿಂದ ಒಂದು ಮಾತು ಹೇಳಿಸಿದ್ರೆ?"

"ನಾನೂ ಮಠದ ಹಾಸ್ಟೆಲಲ್ಲೇ ಓದಿದ್ದು ಸರ್. ಆದ್ರೂ ಆಗಲ್ಲ." ಹಾಗೆಂದು ಅವರು ಪ್ರೇಮಲೀಲಾ ಅವರ ಕಡೆ ತಿರುಗಿದರು, ಗುರುತು ಸಿಕ್ಕಿತೋ ಏನೋ, ಕುರ್ಚಿಯಿಂದ ಅರ್ಧ ಎದ್ದರು. "ಮೇಡಂ, ಪಾಠಶಾಲೆಗೆ ವಿದೇಶಿ ವಿದ್ಯಾರ್ಥಿಗಳನ್ನ ಸೇರಿಸ್ಕೊಳ್ಳೋ ಮಾನ್ಯತೆ ಇದೆಯಾ, ಅದನ್ನೂ ಮೊದ್ಲು ವಿಚಾರಿಸ್ಕೊಳ್ಳಿ. ಇಲ್ದಿದ್ರೆ ಅಲ್ಲಿ ಹೋಗಿ ತೊಂದ್ರೆ ಆಗುತ್ತೆ."

ರೂತಾ ಇಷ್ಟು ಹೊತ್ತು ಸುಮ್ಮನಿದ್ದವಳು, ಅಧಿಕಾರಿಣಿಯ ಮುಖ ಸಪ್ಪಗಾದದ್ದು ಕಂಡು, ತನಗೆ ಗೊತ್ತಿದ್ದ ಸಮಾಧಾನದ ಮಾತನ್ನು ಹೇಳಿದಳು. "ಅಳಬೇಡ. ಮುಖ ತೊಳ್ಕೊಂಡು ಊಟಕ್ಕೆ ಹೋಗು."

ಅಧಿಕಾರಿಣಿ ನಕ್ಕುಬಿಟ್ಟರು. ಪ್ರೇಮಲೀಲಾ ನಗಲಿಲ್ಲ. ಶಿವಲಿಂಗಯ್ಯನವರು ಶಾಲು ಹೊದಿಸಲು ಮುಂದಾದರು, ಅಧಿಕಾರಿಣಿ ಕೈಮುಗಿದು ಹಿಂದೆ ಸರಿದರು. ಬಿಚ್ಚಿದ ಶಾಲನ್ನು ಮಡಿಚಿಕೊಂಡು ವಾಪಸ್ ಹೋಗುವುದು ಅಪಮಾನವೆಂದು ಶಿವಲಿಂಗಯ್ಯನವರು ಅತ್ತಿತ್ತ ನೋಡಿ, ಬೇರೆ ದಾರಿ ಕಾಣದೆ, ಅದನ್ನು ರೂತಾಳಿಗೇ ಹೊದಿಸಿದರು. ಅವಳು ಗಂಭೀರವಾಗಿ ತಲೆಬಾಗಿ ಸನ್ಮಾನ ಸ್ವೀಕರಿಸಿದಳು. ಆಟೋದಲ್ಲಿ ಬರುವಾಗ ಬುಟ್ಟಿಯ ದಾಳಿಂಬೆಯನ್ನು ಬಿಡಿಸಿ ಮೂವರಿಗೂ ಹಂಚಿದಳು. ಪ್ರೇಮಲೀಲಾ ಕೈಯಲ್ಲಿ ಹಿಡಿದುಕೊಂಡರು, ತಿನ್ನಲಿಲ್ಲ.

ಸಂಕ್ರಾಂತಿಯ ಎಳ್ಳುಬೆಲ್ಲ ಕಟ್ಟಿಕೊಂಡು ರೂತಾ ಹೊರಟಳು. "ಮೂರು ತಿಂಗಳು. ಮತ್ತೆ ಬರ್ತೀನಿ. ಕೋಣೆ ಕ್ಲೀನಾಗಿ ಇಡಿ" ಎಂದಳು. ಅದು ಕೋರಿಕೆಯೇ, ಆದರೆ ವಾರ್ಡನ್ ಕನ್ನಡದಲ್ಲಿ ಕೋರಿಕೆಗೆ ಬೇರೆ ರೂಪವಿಲ್ಲ. ಪ್ರೇಮಲೀಲಾ ಗೇಟು ಹಾಕಿಕೊಂಡು ಒಳಗೆ ಬಂದರು.

ಅದು ಗೋಕುಲಂನಲ್ಲಿ ವಿದೇಶಿಯರು ತುಂಬಿ ತುಳುಕುವ ಕಾಲ. ಮನೆ ಕೇಳಿಕೊಂಡು ದಿನಕ್ಕೊಬ್ಬರು ಬಂದರು. "ಖಾಲಿ ಇಲ್ಲ" ಎಂದು ಪ್ರೇಮಲೀಲಾ ಎಲ್ಲರನ್ನೂ ಕಳಿಸಿದರು. ಬಂದವರು ಬೀಗ ಹಾಕಿದ ಬಾಗಿಲನ್ನು ನೋಡಿ, ಅವರ ಮುಖವನ್ನು ನೋಡಿ, ಹೋಗುತ್ತಿದ್ದರು. ಅವರು ವಾರಕ್ಕೊಮ್ಮೆ ಮೇಲೆ ಹತ್ತಿ, ಯಾರೂ ಮಲಗದ ಹಾಸಿಗೆಯ ಹೊದಿಕೆ ಬದಲಾಯಿಸುತ್ತಿದ್ದರು. ಬೆಳಗ್ಗೆ ತಿಂಡಿ ತಯಾರಾದ ಕೂಡಲೇ ಕೋಲು ತೆಗೆದುಕೊಂಡು ಎರಡು ಸಲ ಕುಟ್ಟುತ್ತಿದ್ದರು. ಮೊದಲ ದಿನ ಅದು ಅಭ್ಯಾಸಬಲದಿಂದ ಆದದ್ದು. ಕುಟ್ಟಿದ ಮೇಲೆ ನೆನಪಾಯಿತು. ಎರಡನೆಯ ದಿನ ನೆನಪಿದ್ದೇ ಕುಟ್ಟಿದರು. ನಮ್ಮ ವಾಕಿಂಗ್ ಗುಂಪು ಕಂಡದ್ದು ಇದನ್ನೇ.

ಪಾಠಶಾಲೆಗೆ ಮಾನ್ಯತೆ ಇರಲಿಲ್ಲ. ರೂತಾಳ ಅರ್ಜಿ ಅಲ್ಲೇ ನಿಂತಿತು. ಶಿವಲಿಂಗಯ್ಯನವರು ಮಾತ್ರ ಧೈರ್ಯ ಬಿಡಲಿಲ್ಲ. "ಮಾನ್ಯತೆಗೆ ಹಾಕ್ಸಿದೀನಿ. ಫೈಲು ಓಡಾಡ್ತಾ ಇದೆ" ಎಂದು ಬಂದಾಗಲೆಲ್ಲ ಹೇಳಿದರು. ಫೈಲಿನ ಓಡಾಟವನ್ನು ಅವರು ವರ್ಣಿಸುವುದು ಕೇಳಿದರೆ ಅದಕ್ಕೂ ಒಂದು ವಾಕಿಂಗ್ ಗುಂಪು ಇದ್ದ ಹಾಗೆ ಅನಿಸುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ರೂತಾ ವೀಡಿಯೊ ಕರೆ ಮಾಡಿದಳು. ಅವಳ ತಾಯಿಯ ಅಡುಗೆಮನೆ, ಕಿಟಕಿಯಾಚೆ ಕೊಳಕಾದ ಹಿಮ. ಮೈಮೇಲೆ ಶಿವಲಿಂಗಯ್ಯನವರ ಜರಿ ಶಾಲು. ಅಂಥ ಚಳಿಗೆ ಮೈಸೂರಿನ ಸನ್ಮಾನ ಏನೇನೂ ಸಾಲದು, ಆದರೂ ಹೊದ್ದಿದ್ದಳು.

"ಅಮ್ಮ, ಕಾಶಿಯಿಂದ ಪತ್ರ ಬಂತು. ದೊಡ್ಡ ಕಾಲೇಜು. ಅವರಿಗೆ ಮಾನ್ಯತೆ ಇದೆ. ಸೀಟು ಕೊಡ್ತಾರೆ. ವೀಸಾ ಸಿಗುತ್ತೆ."

ಪ್ರೇಮಲೀಲಾ ಫೋನನ್ನು ಇನ್ನಷ್ಟು ಹತ್ತಿರ ಹಿಡಿದರು.

"ಆದ್ರೆ ವೀಸಾ ಕಾಶಿಗೆ ಮಾತ್ರ. ಅಲ್ಲೇ ಓದ್ಬೇಕು, ಅಲ್ಲೇ ಇರ್ಬೇಕು. ಮೈಸೂರು ಪಾಠಶಾಲೆ ಮುಂದಿನ ವರ್ಷ ಆಗುತ್ತೆ ಅಂತ ಭಾವ ಮೆಸೇಜ್ ಹಾಕಿದ್ದಾರೆ. ನಾನು ಕಾಯಲಾ? ನೀವು ಹೇಳಿ. ನೀವು ಕಾಯಿ ಅಂದ್ರೆ ಕಾಯ್ತೀನಿ."

ಹಾಸ್ಟೆಲಿನಲ್ಲಿ ಹೀಗೆ ಕಾದ ಹುಡುಗಿಯರನ್ನು ಪ್ರೇಮಲೀಲಾ ಕಂಡಿದ್ದರು. ಮುಂದಿನ ವರ್ಷ ಸೀಟು ಬರುತ್ತದೆಂದು ಈ ವರ್ಷದ್ದನ್ನು ಬಿಟ್ಟವರು. ಅವರ ಪೆಟ್ಟಿಗೆಗಳು ವರಾಂಡದಲ್ಲಿ ಎಷ್ಟೋ ದಿನ ಇದ್ದು, ಕೊನೆಗೆ ಅಪ್ಪಂದಿರು ಬಂದು ಹೊತ್ತುಕೊಂಡು ಹೋಗುತ್ತಿದ್ದರು. ಭಾವನ ಫೈಲು ಎಷ್ಟು ಓಡಾಡಿದರೂ ಎಲ್ಲಿ ಕೂತಿದೆ ಎಂಬುದು ಪ್ರೇಮಲೀಲಾ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇರುವುದಕ್ಕೆ ಒಂದೇ ಮಾತು ಸಾಕಾಗಿತ್ತು. "ಕಾಯಿ" ಎಂದರೆ ಆಯಿತು. ಹುಡುಗಿ ಕಾಯುತ್ತಿದ್ದಳು. ನಡುವೆ ಇನ್ನೊಂದು ಸಲ ಪ್ರವಾಸಿಯಾಗಿ ಬಂದರೂ ಬರಬಹುದಿತ್ತು. ಮೇಲೆ ಸದ್ದಾಗುತ್ತಿತ್ತು.

ಅವರ ಕಣ್ಣು ತಾರಸಿಗೆ ಹೋಗಿ ಬಂತು.

"ಪೆಟ್ಟಿಗೆ ಕಟ್ಟು" ಎಂದರು.

"ಅಮ್ಮ..."

"ಕಾಯೋದು ಗೀಯೋದು ಏನೂ ಬೇಡ. ಸೀಟು ಸಿಕ್ಕಿದ ಕಡೆ ಓದ್ಬೇಕು. ಹೋಗು, ಪೆಟ್ಟಿಗೆ ಕಟ್ಟು."

"ನೀವು ಒಬ್ರೇ..."

"ನನ್ ವಯಸ್ಸಿನೋರು ಕಾಶಿಗೆ ಹೋಗ್ಬೇಕು. ನನ್ ಬದ್ಲು ನೀನು ಹೋಗು." ತಾವೇ ಮಾಡಿದ ತಮಾಷೆಗೆ ಪ್ರೇಮಲೀಲಾ ಸ್ವಲ್ಪ ನಕ್ಕರು. ರೂತಾಳಿಗೆ ತಮಾಷೆ ಅರ್ಥವಾಗಲಿಲ್ಲ, ಅದನ್ನು ವಿವರಿಸುವ ಶಕ್ತಿ ಅವರಿಗಿರಲಿಲ್ಲ. "ಒಲೆ ಮೇಲೆ ಇಟ್ಟಿದೀನಿ, ಸೀದುಹೋಗುತ್ತೆ" ಎಂದು ಫೋನ್ ಇಟ್ಟರು. ಒಲೆಯ ಮೇಲೆ ಏನೂ ಇರಲಿಲ್ಲ.

ರೂತಾ ಬೇಸಿಗೆ ಮುಗಿಯುವ ಹೊತ್ತಿಗೆ ಕಾಶಿ ಸೇರಿದಳು. ಭಾನುವಾರ ತಪ್ಪದೆ ಫೋನ್ ಮಾಡುತ್ತಾಳೆ. ಘಾಟಿನ ಮೆಟ್ಟಿಲು ತೋರಿಸುತ್ತಾಳೆ, ಸೂತ್ರ ಒಪ್ಪಿಸುತ್ತಾಳೆ. ಆದರೆ ಅವಳ ಗದರಿಕೆ ಕಡಿಮೆಯಾಗಿದೆ. ಮೊನ್ನೆ "ಅಮ್ಮ, ಊಟ ಆಯ್ತಾ? ಠೀಕ್ ಹೈ ನಾ?" ಎಂದಳು. "ತಟ್ಟೆ ತೊಳೆದ್ರಾ?" ಎಂದು ಕೇಳಲಿಲ್ಲ. ಪ್ರೇಮಲೀಲಾ ಅದನ್ನು ತಿದ್ದಲು ಹೋಗಲಿಲ್ಲ. ಅಲ್ಲಿಯ ಮಾತು ಅವಳಿಗೆ ಬೇಕಲ್ಲ. ದಸರಾಕ್ಕೆ ರಜಾ ಸಿಕ್ಕರೆ ನಾಲ್ಕು ದಿನ ಬರುತ್ತಾಳಂತೆ.

ಆಷಾಢದಲ್ಲಿ ಒಂದು ದಿನ ಶಿವಲಿಂಗಯ್ಯನವರು ಬಂದರು. ಗದರುವವರು ಯಾರೂ ಇಲ್ಲದಿದ್ದರೂ ಚಪ್ಪಲಿಯನ್ನು ಸಾಲಾಗಿ ಬಿಟ್ಟರು. ಆಮೇಲೆ ಅದನ್ನು ತಾವೇ ಒಂದು ಗಳಿಗೆ ನೋಡಿಕೊಂಡು ನಿಂತರು.

"ಲೀಲಾ, ಮನೆ ಎಷ್ಟು ದಿನ ಅಂತ ಖಾಲಿ ಇಟ್ಕೋತೀಯಾ? ನಾನೊಂದು ಒಳ್ಳೇ ಪಾರ್ಟಿ ನೋಡಿದೀನಿ. ರಿಟೈರ್ಡ್ ಡಾಕ್ಟ್ರು. ಒಬ್ರೇ. ಎಷ್ಟು ಮೆತ್ತಗೆ ಅಂದ್ರೆ, ಮನೇಲಿದಾರೋ ಇಲ್ವೋ ಗೊತ್ತಾಗಲ್ಲ."

"ಬೇಡ."

"ಬಾಡಿಗೆ ಸರಿಯಾಗಿ ಕೊಡೋರು ಕಣಮ್ಮ."

"ಬೇಡ ಅಂದ್ನಲ್ಲ ಭಾವ."

ಶಿವಲಿಂಗಯ್ಯನವರು ಕುರ್ಚಿಯಲ್ಲಿ ಹಿಂದಕ್ಕೊರಗಿ, ತಾವು ಎಷ್ಟು ಎಚ್ಚರಿಕೆಯಿಂದ ಆರಿಸುತ್ತಿದ್ದೇವೆ ಎಂಬುದನ್ನು ತಿಳಿಸಿದರು. "ಸಿಕ್ಕಸಿಕ್ಕೋರನ್ನೆಲ್ಲ ನಾನು ಕರ್ಕೊಂಬರಲ್ಲ. ನೆನ್ನೆ ಇಬ್ರು ಬ್ರೆಜಿಲ್‌ನೋರು ಸಿಕ್ಕಿದ್ರು, ಗಂಡ ಹೆಂಡ್ತಿ. ಹೊಸದಾಗಿ ಯೋಗ ಕಲೀತಿದಾರೆ. ಇದ್ದ ಮನೆಯೋರು ಬಿಡ್ಸಿದ್ರಂತೆ, ಬೆಳಗಾಗೆದ್ದು ಧಡ್ ಧಡ್ ಅಂತ ಎಗರ್ತಾರೆ ಅಂತ. ನಮ್ ಲೀಲಾ ಮನೇಗೆ ಇಂಥೋರು ಬೇಡ ಅಂತ ನಾನು ಅಲ್ಲೇ ಹೇಳ್ಬುಟ್ಟೆ."

ಪ್ರೇಮಲೀಲಾ ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಮೇಲಿನ ಮನೆಯ ಬೀಗದ ಕೈ ಇತ್ತು. ಅದನ್ನು ಭಾವನ ಮುಂದೆ ಟೀಪಾಯಿಯ ಮೇಲಿಟ್ಟರು.

"ಅವರನ್ನೇ ಕಳ್ಸಿ."

ಶಿವಲಿಂಗಯ್ಯನವರು ಬೀಗದ ಕೈಯನ್ನು ನೋಡಿದರು. ನಾದಿನಿಯನ್ನು ನೋಡಿದರು.

"ಅಲ್ಲಮ್ಮ, ಈ ವಯಸ್ಸಲ್ಲಿ ತಲೆ ಮೇಲೆ ಇಬ್ಬಿಬ್ರು ಕುಣಿದ್ರೆ ನಿಂಗೆ ತೊಂದ್ರೆ ಆಗಲ್ವಾ?"

"ಕುಣೀದೆ ಇದ್ರೆ ಆಗುತ್ತೆ."